ವ್ಯಾಯಾಮದ ನಡುವೆ ನೀರು: ಎಷ್ಟು ಕುಡಿಯಬೇಕು, ಎಲ್ಲಿ ನಿಲ್ಲಿಸಬೇಕು

'ಅತಿಯಾಗಿ ನೀರು ಕುಡಿದು ಓಟಗಾರ ಸಾವು' ಎಂಬಂಥ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತದೆ. ಓದಿದವರಲ್ಲಿ ಕೆಲವರು ಬರೀ ಹೆದರಿಸುವ ಸುದ್ದಿ ಎಂದು ಪಕ್ಕಕ್ಕೆ ಸರಿಸುತ್ತಾರೆ. ಇನ್ನು ಕೆಲವರು ಮಾರನೆಯ ದಿನದಿಂದ ನೀರಿನ ಬಾಟಲಿಯನ್ನೇ ಮನೆಯಲ್ಲಿ ಬಿಟ್ಟು ಹೊರಡುತ್ತಾರೆ. ಎರಡೂ ತಪ್ಪು. ಸುದ್ದಿಯಲ್ಲಿರುವ ಅಪಾಯ ನಿಜ, ಆದರೆ ಅದು ಎಲ್ಲರಿಗೂ ಎಲ್ಲ ಹೊತ್ತಿಗೂ ಇರುವ ಅಪಾಯವಲ್ಲ. ಯಾರಿಗೆ, ಯಾವಾಗ, ಏಕೆ ಎಂಬುದು ತಿಳಿದರೆ ತಪ್ಪಿಸುವುದು ಕಷ್ಟವೂ ಅಲ್ಲ. ಬಾಯಾರಿದಾಗ ಕುಡಿಯಿರಿ, ಬಾಯಾರಿಕೆ ತೀರಿದಾಗ ನಿಲ್ಲಿಸಿ, ಓಟ ಮುಗಿದಾಗ ನಿಮ್ಮ ತೂಕ ಶುರುವಿನಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿರಬಾರದು. ಇಷ್ಟನ್ನು ಪಾಲಿಸುವುದು ಹೇಗೆ, ಪಾಲಿಸದಿದ್ದರೆ ಒಳಗೆ ಏನಾಗುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಹೇಳಿದ್ದೇವೆ.

ಯಾರು ತಲೆಕೆಡಿಸಿಕೊಳ್ಳಬೇಕು

ಮುಕ್ಕಾಲು ಗಂಟೆ ಜಿಮ್‌ನಲ್ಲಿ ಬೆವರಿ ಬಾಯಾರಿದಷ್ಟು ನೀರು ಕುಡಿಯುವವರು ಈ ವಿಷಯಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ತೊಂದರೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ದೀರ್ಘ ಹೊತ್ತಿನ, ನಿಧಾನ ಗತಿಯ ಶ್ರಮದಲ್ಲಿ: ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವ ಮ್ಯಾರಥಾನ್, ಅಲ್ಟ್ರಾ ಓಟ (ಮ್ಯಾರಥಾನ್‌ಗಿಂತ ದೂರದ್ದು), ಟ್ರಯಥ್ಲಾನ್ (ಈಜು, ಸೈಕಲ್, ಓಟ ಸೇರಿದ ಸ್ಪರ್ಧೆ), ದಿನವಿಡೀ ನಡೆಯುವ ಚಾರಣ, ದೂರದ ಸೈಕಲ್ ಸವಾರಿ, ಸೇನಾ ತರಬೇತಿ.

ವೇಗವಾಗಿ ಓಡುವವರಿಗಿಂತ ನಿಧಾನವಾಗಿ ಓಡುವವರಿಗೆ ಅಪಾಯ ಹೆಚ್ಚು ಎಂದರೆ ಮೊದಲಿಗೆ ವಿಚಿತ್ರ ಅನಿಸಬಹುದು. ಕಾರಣ ಸರಳ. ನಿಧಾನವಾಗಿ ಓಡುವವರು ಗಂಟೆಗೆ ಬೆವರುವುದು ಕಡಿಮೆ, ಕುಡಿಯಲು ಅವರಿಗೆ ಸಿಗುವ ಹೊತ್ತು ಜಾಸ್ತಿ. ಪ್ರತಿ ನೀರಿನ ಮೇಜಿನ ಬಳಿಯೂ ನಿಂತು ಲೋಟ ಖಾಲಿ ಮಾಡುವಷ್ಟು ಪುರುಸೊತ್ತು ಅವರಿಗಿರುತ್ತದೆ. ಮುಂಚೂಣಿಯ ಓಟಗಾರ ಎರಡು ಗುಟುಕು ಕುಡಿದು ಉಳಿದದ್ದನ್ನು ತಲೆ ಮೇಲೆ ಸುರಿದುಕೊಂಡು ಮುಂದೆ ಹೋಗಿರುತ್ತಾನೆ. ದೇಹ ಸಣ್ಣದಿದ್ದಷ್ಟೂ ಒಳಗಿರುವ ನೀರಿನ ಒಟ್ಟು ಪ್ರಮಾಣ ಕಡಿಮೆ, ಹಾಗಾಗಿ ಅಷ್ಟೇ ಹೆಚ್ಚುವರಿ ನೀರು ಸಣ್ಣ ದೇಹದಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ಹೆಂಗಸರಲ್ಲಿ ಪ್ರಕರಣ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ. ಮೊದಲ ಬಾರಿ ಮ್ಯಾರಥಾನ್‌ಗೆ ಇಳಿದವರು, 'ನೀರು ಕಡಿಮೆಯಾದರೆ ಕುಸಿದು ಬೀಳುತ್ತೇನೆ' ಎಂಬ ಭಯ ಹೊತ್ತವರು, ಓಟದ ಮುಂಚೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುವವರು ಈ ಪಟ್ಟಿಗೆ ಸೇರುತ್ತಾರೆ.

ಒಳಗೆ ಏನಾಗುತ್ತದೆ

ರಕ್ತದಲ್ಲಿ ಸೋಡಿಯಂ (ಉಪ್ಪಿನಲ್ಲಿರುವ ಒಂದು ಅಂಶ) ಸಾಮಾನ್ಯವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್ (ರಕ್ತ ಪರೀಕ್ಷೆಯಲ್ಲಿ ಬಳಸುವ ಅಳತೆ) ಇರುತ್ತದೆ. ಶ್ರಮದ ವೇಳೆಯಲ್ಲಿ, ಅಥವಾ ಶ್ರಮ ಮುಗಿದ 24 ಗಂಟೆಯೊಳಗೆ ಅದು 135ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ವ್ಯಾಯಾಮ ಸಂಬಂಧಿ ಹೈಪೊನಟ್ರೀಮಿಯಾ ಎನ್ನುತ್ತಾರೆ. ಸ್ವಲ್ಪ ಇಳಿದಾಗ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಬೇಗ ಇಳಿದಷ್ಟೂ, ಹೆಚ್ಚು ಇಳಿದಷ್ಟೂ ಲಕ್ಷಣಗಳು ತೀವ್ರವಾಗುತ್ತವೆ. ನೀರು ಹೆಚ್ಚಾಗಿ ರಕ್ತ ತೆಳುವಾದಾಗ ಆ ನೀರು ಜೀವಕೋಶಗಳ ಒಳಕ್ಕೆ ನುಗ್ಗಿ ಅವು ಊದಿಕೊಳ್ಳುತ್ತವೆ. ಕೈಕಾಲು ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಮಿದುಳು ಊದಿದರೆ ತಲೆಬುರುಡೆ ಹಿಗ್ಗುವುದಿಲ್ಲ. ತಲೆನೋವು, ಗೊಂದಲ, ಫಿಟ್ಸ್, ಪ್ರಜ್ಞೆ ತಪ್ಪುವುದು ಎಲ್ಲವೂ ಈ ಒತ್ತಡದಿಂದಲೇ.

'ಹೆಚ್ಚಾದ ನೀರನ್ನು ಕಿಡ್ನಿ ಹೊರಹಾಕುತ್ತದಲ್ಲ' ಎಂಬ ಪ್ರಶ್ನೆ ಸಹಜ. ಕುಳಿತಿರುವಾಗ ಆರೋಗ್ಯವಂತರ ಕಿಡ್ನಿ ಗಂಟೆಗೆ ಸುಮಾರು 800 ಮಿಲಿಲೀಟರಿನಿಂದ 1 ಲೀಟರಿನವರೆಗೆ ಹೊರಹಾಕಬಲ್ಲದು. ಓಡುವಾಗ ಈ ಲೆಕ್ಕ ನಡೆಯುವುದಿಲ್ಲ. ದೀರ್ಘ ಶ್ರಮ, ನೋವು, ವಾಕರಿಕೆ, ಆತಂಕ, ಸೆಕೆ, ರಕ್ತದ ಸಕ್ಕರೆ ಇಳಿಯುವುದು ಇವೆಲ್ಲ ಸೇರಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತವೆ. ನೀರನ್ನು ಹಿಡಿದಿಟ್ಟುಕೋ ಎಂದು ಕಿಡ್ನಿಗೆ ಹೇಳುವುದೇ ಈ ಹಾರ್ಮೋನಿನ ಕೆಲಸ. ದೇಹದಲ್ಲಿ ನೀರು ಆಗಲೇ ಹೆಚ್ಚಾಗಿದ್ದರೂ ಶ್ರಮದ ನಡುವೆ ಇದು ಪೂರ್ತಿ ತಗ್ಗದೆ ಇರಬಹುದು. ಆಗ ಮೂತ್ರದ ಪ್ರಮಾಣ ಕುಳಿತಾಗಿನ ಒಂದು ಸಣ್ಣ ಪಾಲಿಗೆ ಇಳಿಯುತ್ತದೆ, ಕುಡಿದದ್ದು ಒಳಗೇ ಉಳಿಯುತ್ತದೆ.

ಒಂದು ಅಂದಾಜು ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. 50 ಕೆ.ಜಿ. ತೂಕದ ಓಟಗಾರ್ತಿಯ ಮೈಯಲ್ಲಿ ಸುಮಾರು 25 ಲೀಟರ್ ನೀರಿದೆ ಎನ್ನೋಣ, ಸೋಡಿಯಂ 140. ಐದು ಗಂಟೆಯ ಮ್ಯಾರಥಾನ್‌ನಲ್ಲಿ ಗಂಟೆಗೆ 400 ಮಿ.ಲೀ. ಬೆವರಿದರೆ ಒಟ್ಟು 2 ಲೀಟರ್ ಹೋಯಿತು. ಅವರ ಬೆವರಿನಲ್ಲಿ ಲೀಟರಿಗೆ 40 ಮಿಲಿಮೋಲ್ ಸೋಡಿಯಂ ಇದ್ದರೆ ಒಟ್ಟು 80 ಮಿಲಿಮೋಲ್ ಕಳೆದುಹೋಯಿತು. ಮೂತ್ರ ಆಗಲೇ ಇಲ್ಲ ಎಂದುಕೊಳ್ಳಿ. ಗಂಟೆಗೆ 800 ಮಿ.ಲೀ.ನಂತೆ 4 ಲೀಟರ್ ಕುಡಿದಿದ್ದರೆ ಕೊನೆಗೆ ಸೋಡಿಯಂ ಸುಮಾರು 127ಕ್ಕೆ ಬಂದು ನಿಲ್ಲುತ್ತದೆ. ಆಸ್ಪತ್ರೆ ಸೇರಬೇಕಾದ ಅಂಕಿ ಅದು. ಕಳೆದುಕೊಂಡಷ್ಟನ್ನೇ, ಅಂದರೆ 2 ಲೀಟರ್ ಕುಡಿದಿದ್ದರೆ ಸುಮಾರು 137. ಬಾಯಾರಿಕೆಗೆ ತಕ್ಕಂತೆ 1.2 ಲೀಟರ್ ಕುಡಿದಿದ್ದರೆ 141.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಕಳೆದುಹೋದ 80 ಮಿಲಿಮೋಲ್ ಸೋಡಿಯಂ ಅನ್ನು ಪೂರ್ತಿಯಾಗಿ ತುಂಬಿಕೊಟ್ಟರೂ 4 ಲೀಟರ್ ಕುಡಿದವರ ಅಂಕಿ 127ರಿಂದ 130ಕ್ಕೆ ಏರುತ್ತದೆ, ಅಷ್ಟೆ. ಬೆವರಿನಲ್ಲಿ ಉಪ್ಪು ಹೋದದ್ದಕ್ಕಿಂತ ನೀರು ಹೆಚ್ಚಾಗಿ ಒಳಗೆ ಉಳಿದದ್ದೇ ಮುಖ್ಯ ಕಾರಣ ಎಂಬುದು ಇದರಿಂದ ತಿಳಿಯುತ್ತದೆ.

'ಬಾಯಾರುವ ಮುಂಚೆಯೇ ಕುಡಿಯಿರಿ' ಎಂಬ ಮಾತು

ಬಾಯಾರಿಕೆ ಶುರುವಾಗುವಷ್ಟರಲ್ಲಿ ತಡವಾಗಿರುತ್ತದೆ ಎಂಬ ಸಲಹೆಯನ್ನು ಕೇಳದ ಓಟಗಾರರಿಲ್ಲ. ಈ ಒಂದು ಮಾತಿನಿಂದ ಆಗಿರುವ ಹಾನಿ ದೊಡ್ಡದು. ಓಟದಲ್ಲಿ ನೀರು ಹೆಚ್ಚಾಗಿ ಅಸ್ವಸ್ಥರಾದ ನಾಲ್ವರ ವಿವರವನ್ನು ದಕ್ಷಿಣ ಆಫ್ರಿಕದ ವೈದ್ಯ ಟಿಮ್ ನೋಕ್ಸ್ ಮತ್ತು ಸಂಗಡಿಗರು 1985ರಲ್ಲೇ ಪ್ರಕಟಿಸಿದ್ದರು. ನಾಲ್ವರೂ ಏಳು ಗಂಟೆಗಿಂತ ದೀರ್ಘ ಸ್ಪರ್ಧೆಗಳಲ್ಲಿ ಇದ್ದವರು. ಆದರೂ ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜು (ಹೆಸರು ಕಾಲೇಜು ಎಂದಿದ್ದರೂ ಇದು ಕ್ರೀಡಾ ವೈದ್ಯರು, ವಿಜ್ಞಾನಿಗಳ ಸಂಘ) 1996ರಲ್ಲಿ ಹೊರಡಿಸಿದ ಸಲಹೆ ಬೆವರಿನಲ್ಲಿ ಹೋದ ಅಷ್ಟನ್ನೂ ಕುಡಿಯಿರಿ, ಇಲ್ಲವೇ ಹೊಟ್ಟೆ ತಡೆಯುವಷ್ಟು ಕುಡಿಯಿರಿ ಎನ್ನುವ ಧಾಟಿಯಲ್ಲಿತ್ತು. ಅದರಲ್ಲಿ ಗಂಟೆಗೆ 600ರಿಂದ 1200 ಮಿ.ಲೀ. ಎಂಬ ಅಂಕಿ ಇತ್ತು. ಮೇಲಿನ ಲೆಕ್ಕದ ಓಟಗಾರ್ತಿ ಇದನ್ನು ಪಾಲಿಸಿದ್ದರೆ ಗತಿ ಏನು ಎಂದು ಯೋಚಿಸಿ.

2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷೆ ನಡೆಯಿತು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರಲ್ಲಿ 13 ಶೇಕಡಾ ಜನರ ಸೋಡಿಯಂ 135ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿತ್ತು, ಮೂವರದ್ದು 120 ಅಥವಾ ಅದಕ್ಕೂ ಕೆಳಗೆ. ಓಟದಲ್ಲಿ ತೂಕ ಹೆಚ್ಚಿಸಿಕೊಂಡದ್ದು, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದ್ದು ಮುಖ್ಯ ಅಪಾಯಗಳಾಗಿ ಕಂಡುಬಂದವು. ಅದೇ ಕಾಲೇಜು 2007ರಲ್ಲಿ ಸಲಹೆಯನ್ನು ತಿದ್ದಿ, ಒಬ್ಬೊಬ್ಬರ ಬೆವರಿಗೆ ತಕ್ಕಂತೆ ಕುಡಿಯಬೇಕು, ತೂಕ ಏರಬಾರದು, 2 ಶೇಕಡಾಕ್ಕಿಂತ ಹೆಚ್ಚು ಇಳಿಯಲೂಬಾರದು ಎಂಬಲ್ಲಿಗೆ ಬಂತು. ಈ ತೊಂದರೆಯ ಮೇಲೆ 2015ರಲ್ಲಿ ಕ್ಯಾಲಿಫೋರ್ನಿಯದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ತಜ್ಞರ ಒಮ್ಮತದ ಸಲಹೆ ಇನ್ನೂ ಸರಳ: ಬಾಯಾರಿಕೆಯನ್ನು ನಂಬಿ.

ನಂಬಲು ಕಾರಣವೂ ಇದೆ. ರಕ್ತ ಒಂದೆರಡು ಶೇಕಡಾ ಗಟ್ಟಿಯಾದ ಕೂಡಲೇ ಮಿದುಳಿನಲ್ಲಿರುವ ಸಂವೇದಕಗಳು ಎಚ್ಚೆತ್ತು ಬಾಯಾರಿಕೆ ಹುಟ್ಟಿಸುತ್ತವೆ. ದೇಹಕ್ಕೆ ಅಪಾಯವಾಗುವಷ್ಟು ನೀರು ಕಡಿಮೆಯಾಗುವುದಕ್ಕೆ ಬಹಳ ಮುಂಚೆಯೇ ಈ ಕರೆ ಬರುತ್ತದೆ.

ನಿಮ್ಮ ಬೆವರನ್ನು ಅಳೆಯಿರಿ

ಗಂಟೆಗೆ ಇಷ್ಟೇ ಕುಡಿಯಿರಿ ಎಂದು ಎಲ್ಲರಿಗೂ ಒಂದೇ ಅಂಕಿ ಕೊಡಲು ಆಗುವುದಿಲ್ಲ. ಒಬ್ಬರು ಗಂಟೆಗೆ ಅರ್ಧ ಲೀಟರ್ ಬೆವರಿದರೆ ಇನ್ನೊಬ್ಬರು 2 ಲೀಟರ್ ಬೆವರುತ್ತಾರೆ. ನಿಮ್ಮದು ಎಷ್ಟು ಎಂದು ಮನೆಯಲ್ಲೇ ತಿಳಿಯಬಹುದು. 100 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತೂಕದ ಯಂತ್ರ ಸಾಕು. ಯಂತ್ರ ಗಟ್ಟಿ ನೆಲದ ಮೇಲಿರಲಿ, ಕಂಬಳಿ ಅಥವಾ ಚಾಪೆಯ ಮೇಲೆ ಇಟ್ಟರೆ ಅಂಕಿ ತಪ್ಪುತ್ತದೆ.

1. ಮೂತ್ರ ವಿಸರ್ಜನೆ ಮಾಡಿ, ಬಟ್ಟೆಯಿಲ್ಲದೆ ತೂಗಿ. ಎರಡು ಸಲ ನಿಂತು ಒಂದೇ ಅಂಕಿ ಬರುವುದನ್ನು ಖಚಿತ ಮಾಡಿಕೊಳ್ಳಿ.
2. ನೀರು ತುಂಬಿದ ಬಾಟಲಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದು ಗ್ರಾಂ ಎಂದರೆ ಒಂದು ಮಿ.ಲೀ.
3. ಸ್ಪರ್ಧೆಯಲ್ಲಿ ಓಡುವ ವೇಗದಲ್ಲೇ, ಸಾಧ್ಯವಾದರೆ ಅದೇ ಹೊತ್ತಿನ ಬಿಸಿಲಿನಲ್ಲಿ, ಪೂರ್ತಿ ಒಂದು ಗಂಟೆ ಓಡಿ. ನಡುವೆ ಮೂತ್ರಕ್ಕೆ ಹೋಗಬೇಡಿ. ಆ ಬಾಟಲಿಯ ನೀರನ್ನು ಮಾತ್ರ ಕುಡಿಯಿರಿ, ತಲೆಗೆ ಸುರಿದುಕೊಳ್ಳಬೇಡಿ.
4. ಬಂದ ತಕ್ಷಣ ಬಟ್ಟೆ ತೆಗೆದು, ಕೂದಲೂ ಸೇರಿದಂತೆ ಮೈ ಒರೆಸಿಕೊಂಡು ತೂಗಿ. ಬಾಟಲಿಯನ್ನೂ ತೂಗಿ.

ಇಳಿದ ತೂಕಕ್ಕೆ ಕುಡಿದ ನೀರನ್ನು ಕೂಡಿಸಿದರೆ ಆ ಗಂಟೆಯ ಬೆವರು ಸಿಗುತ್ತದೆ. ಓಡುವ ಮುಂಚೆ 62.4 ಕೆ.ಜಿ., ಬಂದ ಮೇಲೆ 61.7, ಕುಡಿದದ್ದು 300 ಮಿ.ಲೀ. ಎಂದಿಟ್ಟುಕೊಳ್ಳಿ. 700 ಗ್ರಾಂ ಇಳಿದಿದೆ, ಅದಕ್ಕೆ 300 ಸೇರಿಸಿದರೆ ಗಂಟೆಗೆ ಸುಮಾರು 1 ಲೀಟರ್ ಬೆವರು. ಜನ ಸಾಮಾನ್ಯವಾಗಿ ಎಡವುವುದು ಬಟ್ಟೆಯಲ್ಲಿ. ನೆನೆದ ಬನಿಯನ್, ಶೂ, ಕಾಲುಚೀಲ ಸೇರಿ ಸಾಕಷ್ಟು ಬೆವರನ್ನು ಹಿಡಿದುಕೊಂಡಿರುತ್ತವೆ. ಬಟ್ಟೆ ಹಾಕಿಕೊಂಡೇ ತೂಗಿದರೆ ಬೆವರು ನಿಜಕ್ಕಿಂತ ಕಡಿಮೆ ಕಾಣುತ್ತದೆ.

ಒಂದೇ ದಿನದ ಅಳತೆಯನ್ನು ನೆಚ್ಚಿಕೊಳ್ಳಬೇಡಿ. ತಂಪು ದಿನಕ್ಕೊಂದು, ಸೆಕೆಯ ದಿನಕ್ಕೊಂದು ಅಳತೆ ಬೇಕು. ಸೆಕೆಗೆ ಹೊಂದಿಕೊಳ್ಳಲು ದೇಹಕ್ಕೆ 10ರಿಂದ 14 ದಿನ ಹಿಡಿಯುತ್ತದೆ, ಹೊಂದಿಕೊಂಡ ಮೇಲೆ ಬೆವರು ಹೆಚ್ಚುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ.

ಈಗ ಮುಖ್ಯ ಮಾತು. ಹೀಗೆ ಸಿಕ್ಕ ಅಂಕಿ ನೀವು ಕುಡಿಯಲೇಬೇಕಾದ ಗುರಿಯಲ್ಲ, ದಾಟಬಾರದ ಮಿತಿ. ಬಾಯಾರಿಕೆಗೆ ತಕ್ಕಂತೆ ಕುಡಿದರೆ ಹೆಚ್ಚಿನವರು ಇದಕ್ಕಿಂತ ಸಾಕಷ್ಟು ಕಡಿಮೆಯೇ ಕುಡಿಯುತ್ತಾರೆ, ಅದು ಸರಿಯೇ. ದೀರ್ಘ ಓಟದಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಇಳಿದದ್ದೆಲ್ಲ ನೀರಲ್ಲ, ಉರಿದುಹೋದ ಕೊಬ್ಬು, ಗ್ಲೈಕೊಜೆನ್ (ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ) ಕೂಡ ಅದರಲ್ಲಿದೆ. ಒಂದು ಗ್ರಾಂ ಗ್ಲೈಕೊಜೆನ್ ಜತೆ ಸುಮಾರು 3 ಗ್ರಾಂ ನೀರು ಇರುತ್ತದೆ, ಗ್ಲೈಕೊಜೆನ್ ಖರ್ಚಾದಾಗ ಆ ನೀರೂ ದೇಹದ ಬಳಕೆಗೆ ಬಿಡುಗಡೆಯಾಗುತ್ತದೆ. ಆದ್ದರಿಂದ ನಾಲ್ಕು ಗಂಟೆ ಓಡಿಯೂ ತೂಕ ಕೂದಲೆಳೆಯಷ್ಟೂ ಇಳಿದಿಲ್ಲ ಎಂದರೆ ನೀವು ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ. 60 ಕೆ.ಜಿ. ತೂಕದವರು ಓಟದ ಕೊನೆಗೆ ಅರ್ಧ ಕೆ.ಜಿ.ಯಿಂದ 1.2 ಕೆ.ಜಿ.ಯವರೆಗೆ ಕಡಿಮೆ ತೂಗಿದರೆ ಗಾಬರಿ ಬೇಡ.

ಓಟದ ದಿನ

ಹಿಂದಿನ ರಾತ್ರಿಯಿಂದಲೇ ಲೀಟರುಗಟ್ಟಲೆ ನೀರು ತುಂಬಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ದೇಹದಲ್ಲಿ ನೀರಿನ ದಾಸ್ತಾನು ಮಾಡಲು ಆಗುವುದಿಲ್ಲ. ರಾತ್ರಿಯಿಡೀ ಎದ್ದೆದ್ದು ಮೂತ್ರಕ್ಕೆ ಹೋಗಿ ನಿದ್ದೆ ಕೆಡುತ್ತದೆ, ಓಟದ ಗೆರೆಯ ಬಳಿ ನಿಲ್ಲುವಾಗಲೇ ಸೋಡಿಯಂ ತುಸು ಇಳಿದಿರುತ್ತದೆ. ಎಂದಿನಂತೆ ಊಟ, ಎಂದಿನಂತೆ ನೀರು ಸಾಕು. ಮೂತ್ರ ಬಿಳಿ ನೀರಿನಂತೆ ಇರಲೇಬೇಕು ಎಂಬ ನಂಬಿಕೆಯನ್ನು ಕೈಬಿಡಿ, ತಿಳಿ ಹಳದಿ ಬಣ್ಣ ಸರಿಯಾದದ್ದೇ.

ಓಟ ಶುರುವಾದ ಮೇಲೆ ನೀರಿನ ಮೇಜು ಎದುರಾದಾಗಲೆಲ್ಲ 'ಈಗ ಕುಡಿಯಬೇಕು ಅನಿಸುತ್ತಿದೆಯೇ' ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಎನಿಸಿದರೆ ಮುಂದೆ ಹೋಗಿ. ಬರೀ ಬಾಯಿ ಒಣಗಿದ್ದರೆ, ಅದರಲ್ಲೂ ಬಾಯಿಂದ ಉಸಿರಾಡುವವರಿಗೆ ಇದು ಸಾಮಾನ್ಯ, ಒಂದು ಗುಟುಕು ಮುಕ್ಕಳಿಸಿ ಉಗುಳಿದರೂ ಹಾಯೆನಿಸುತ್ತದೆ. ನಿಜವಾಗಿ ಬಾಯಾರಿದಾಗ ಮೊದಲ ಗುಟುಕು ತುಂಬ ಹಿತವಾಗಿರುತ್ತದೆ. ಕುಡಿಯುತ್ತ ಹೋದಂತೆ ಆ ಹಿತ ಕಡಿಮೆಯಾಗುತ್ತದೆ, ಒಂದು ಹಂತದಲ್ಲಿ ನೀರು ಸಪ್ಪೆ ಅನಿಸುತ್ತದೆ. ಅಲ್ಲಿಗೆ ನಿಲ್ಲಿಸಿ. ಲೋಟ ಪೂರ್ತಿ ಖಾಲಿ ಮಾಡಲೇಬೇಕೆಂಬ ನಿಯಮವಿಲ್ಲ. ಸೆಕೆಗೆ ತಂಪು ಬೇಕಿದ್ದರೆ ನೀರನ್ನು ತಲೆ, ಕತ್ತು, ಮುಂಗೈ ಮೇಲೆ ಸುರಿದುಕೊಳ್ಳಿ. ಸುಸ್ತು, ಕಾಲು ಭಾರ, ವೇಗ ಕುಗ್ಗುವುದು ಇವುಗಳಿಗೆಲ್ಲ ನೀರೇ ಮದ್ದು ಎಂದುಕೊಳ್ಳಬೇಡಿ. ದೂರದ ಓಟದಲ್ಲಿ ಸುಸ್ತಾಗುವುದು ಸಹಜ, ಎಷ್ಟೋ ಸಲ ಬೇಕಿರುವುದು ವೇಗ ತಗ್ಗಿಸುವುದು ಅಥವಾ ಏನಾದರೂ ತಿನ್ನುವುದು.

ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡು ಕುಡಿಯುವವರು, ಬೆನ್ನಿಗೆ 2 ಲೀಟರ್ ನೀರಿನ ಚೀಲ ಕಟ್ಟಿ ಕೊಳವೆಯನ್ನು ಬಾಯಲ್ಲೇ ಇಟ್ಟುಕೊಂಡವರು ವಿಶೇಷವಾಗಿ ಎಚ್ಚರದಿಂದಿರಬೇಕು. ಕೊಳವೆಯಿಂದ ಹೀರುವಾಗ ಎಷ್ಟು ಕುಡಿದೆವೆಂಬ ಲೆಕ್ಕ ತಪ್ಪುತ್ತದೆ. ಚೀಲದ ಮೇಲೆ ಅರ್ಧ ಲೀಟರಿಗೊಂದು ಗೆರೆ ಎಳೆದಿಟ್ಟುಕೊಂಡರೆ ವಾಸಿ.

ಬಾಯಾರಿಕೆಯೊಂದನ್ನೇ ನಂಬಬಾರದ ಕೆಲವರೂ ಇದ್ದಾರೆ. ವಯಸ್ಸಾದಂತೆ ಬಾಯಾರಿಕೆಯ ಸೂಚನೆ ಮಂಕಾಗುತ್ತದೆ. ಗಂಟೆಗೆ ಎರಡು ಲೀಟರ್ ಬೆವರುತ್ತ ಸೆಕೆಯಲ್ಲಿ ಗೆಲ್ಲಲೆಂದೇ ಓಡುವವರಿಗೆ ತೂಕದ ಲೆಕ್ಕದ ಮೇಲೆ ಮಾಡಿದ ಯೋಜನೆ ಬೇಕಾಗುತ್ತದೆ. ಹೃದಯ ಅಥವಾ ಕಿಡ್ನಿಯ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಥಯಾಜೈಡ್ ಗುಂಪಿನ ಮಾತ್ರೆ ಅಥವಾ ಖಿನ್ನತೆಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ದೂರದ ಓಟಕ್ಕೆ ಇಳಿಯುವ ಮುನ್ನ ತಮ್ಮ ವೈದ್ಯರನ್ನು ಕೇಳಲೇಬೇಕು, ಏಕೆಂದರೆ ಆ ಮಾತ್ರೆಗಳೇ ಸೋಡಿಯಂ ಇಳಿಸಬಲ್ಲವು.

ಸ್ಪೋರ್ಟ್ಸ್ ಡ್ರಿಂಕ್, ಉಪ್ಪಿನ ಮಾತ್ರೆ, ನೋವಿನ ಮಾತ್ರೆ

'ನಾನು ಬರೀ ನೀರು ಕುಡಿಯುವುದಿಲ್ಲ, ಸ್ಪೋರ್ಟ್ಸ್ ಡ್ರಿಂಕ್ ಕುಡಿಯುತ್ತೇನೆ, ನನಗೇನೂ ಆಗದು' ಎಂಬುದು ಬಹಳ ಅಪಾಯದ ನಂಬಿಕೆ. ಸಾಮಾನ್ಯ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಲೀಟರಿಗೆ ಸುಮಾರು 20 ಮಿಲಿಮೋಲ್ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ 75. ರಕ್ತದಲ್ಲಿ 140. ಎಂದರೆ ಇವೆಲ್ಲವೂ ರಕ್ತಕ್ಕಿಂತ ತೆಳು, ಅತಿಯಾಗಿ ಕುಡಿದರೆ ಎಲ್ಲವೂ ರಕ್ತವನ್ನು ತೆಳುವಾಗಿಸುತ್ತವೆ. ಹಿಂದಿನ ಲೆಕ್ಕದ ಓಟಗಾರ್ತಿ ನೀರಿನ ಬದಲು 4 ಲೀಟರ್ ಸ್ಪೋರ್ಟ್ಸ್ ಡ್ರಿಂಕ್ ಕುಡಿದಿದ್ದರೆ ಒಳಗೆ ಹೋಗುವುದು 80 ಮಿಲಿಮೋಲ್, ಅಂಕಿ ನಿಲ್ಲುವುದು ಅದೇ 130ರಲ್ಲಿ. ಸ್ಪೋರ್ಟ್ಸ್ ಡ್ರಿಂಕ್‌ನಿಂದ ಸಕ್ಕರೆಯ ಶಕ್ತಿ ಸಿಗುತ್ತದೆ, ಅದಕ್ಕಾಗಿ ಕುಡಿಯುವುದಾದರೆ ಕುಡಿಯಿರಿ. ಅತಿಯಾಗಿ ಕುಡಿದರೆ ಆಗುವ ಅಪಾಯದಿಂದ ಅದು ಕಾಪಾಡುವುದಿಲ್ಲ.

ಉಪ್ಪಿನ ಮಾತ್ರೆಯದ್ದೂ ಇದೇ ಕಥೆ. 80 ಮಿಲಿಮೋಲ್ ಸೋಡಿಯಂ ಎಂದರೆ ಸುಮಾರು 4.7 ಗ್ರಾಂ ಉಪ್ಪು. ಅದನ್ನು ನುಂಗಿದರೆ ಬಾಯಾರಿಕೆ ಇನ್ನೂ ಹೆಚ್ಚಿ ಮತ್ತಷ್ಟು ನೀರು ಕುಡಿಯುವ ಹಾಗಾಗುತ್ತದೆ.

ಸ್ನಾಯು ಸೆಳೆತಕ್ಕೆ ನೀರು ಕುಡಿಸುವ ರೂಢಿ ಎಲ್ಲ ಮೈದಾನಗಳಲ್ಲೂ ಇದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಶಾಲಾ ಫುಟ್‌ಬಾಲ್ ಆಡುತ್ತಿದ್ದ ಹುಡುಗನೊಬ್ಬ ಸೆಳೆತ ತಡೆಯಲೆಂದು ಅಭ್ಯಾಸದ ನಂತರ ಗ್ಯಾಲನ್‌ಗಟ್ಟಲೆ ನೀರು, ಜತೆಗೆ ಅಷ್ಟೇ ಸ್ಪೋರ್ಟ್ಸ್ ಡ್ರಿಂಕ್ ಕುಡಿದು ತೀರಿಕೊಂಡನೆಂದು ಮಾಧ್ಯಮಗಳು ವರದಿ ಮಾಡಿದವು. ವ್ಯಾಯಾಮದ ನಡುವಿನ ಸೆಳೆತಕ್ಕೆ ಹೆಚ್ಚಾಗಿ ಕಾರಣ ದಣಿದ ಸ್ನಾಯು. ನಿಂತು, ಆ ಸ್ನಾಯುವನ್ನು ನಿಧಾನವಾಗಿ ಎಳೆದು ಹಿಡಿಯುವುದು ಮೊದಲ ಉಪಾಯ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಮುಂತಾದ ನೋವಿನ ಮಾತ್ರೆಗಳು ನೀರನ್ನು ಹೊರಹಾಕುವ ಕಿಡ್ನಿಯ ಸಾಮರ್ಥ್ಯವನ್ನು ಇನ್ನಷ್ಟು ಕುಗ್ಗಿಸುತ್ತವೆ. ಓಟದ ಮುಂಚೆಯಾಗಲಿ ನಡುವೆಯಾಗಲಿ ಇವು ಬೇಡ.

ಮುಗಿದ ಮೇಲಿನ ಕೆಲವು ಗಂಟೆ

ಗೆರೆ ದಾಟಿದ ಮೇಲೆ ಅಪಾಯ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಓಡುವಾಗ ಹೊಟ್ಟೆ, ಕರುಳಿನಲ್ಲಿ ಹಾಗೇ ಉಳಿದಿದ್ದ ನೀರು ನಿಂತ ಮೇಲೆ ರಕ್ತಕ್ಕೆ ಸೇರುತ್ತದೆ. ವ್ಯಾಸೊಪ್ರೆಸಿನ್ ಇನ್ನೂ ಇಳಿದಿರುವುದಿಲ್ಲ, ಕಿಡ್ನಿ ಇನ್ನೂ ಬಿಗಿಹಿಡಿದಿರುತ್ತದೆ. ಗೆರೆಯ ಬಳಿ ನಗುನಗುತ್ತ ಫೋಟೊ ತೆಗೆಸಿಕೊಂಡವರು ಮನೆಗೆ ಹೋದ ಮೇಲೆ ತಲೆನೋವು, ವಾಂತಿ ಶುರುವಾಗಿ ಸಂಜೆಗೆ ಆಸ್ಪತ್ರೆ ಸೇರುವುದು ಹೀಗೆ. 'ನೀರು ಕಡಿಮೆಯಾಗಿದೆ, ಇನ್ನೂ ಕುಡಿ' ಎಂದು ಮನೆಯವರು ಒತ್ತಾಯ ಮಾಡಿದರೆ ಪರಿಸ್ಥಿತಿ ಹದಗೆಡುತ್ತದೆ. ಮುಗಿದ ಮೇಲೂ ಬಾಯಾರಿದಷ್ಟೇ ಕುಡಿಯಿರಿ, ಉಪ್ಪಿರುವ ಊಟ ಮಾಡಿ. ಚೆನ್ನಾಗಿ ಮೂತ್ರ ಹೋಗುವವರೆಗೆ ಲೀಟರುಗಟ್ಟಲೆ ಕುಡಿಯುವ ಮಾತು ಬೇಡ.

ಗುರುತು ಹಿಡಿಯುವುದು ಹೇಗೆ

ಮೊದಲು ಕೈ ನೋಡಿ. ಬೆಳಿಗ್ಗೆ ಸಲೀಸಾಗಿ ತಿರುಗುತ್ತಿದ್ದ ಉಂಗುರ ಬೆರಳಿಗೆ ಕಚ್ಚಿಕೊಂಡಿರುತ್ತದೆ, ಅದರ ಎರಡೂ ಬದಿ ಚರ್ಮ ಉಬ್ಬಿರುತ್ತದೆ. ಗಡಿಯಾರದ ಪಟ್ಟಿ ಬಿಗಿಯಾಗಿ, ಬಿಚ್ಚಿದಾಗ ಆಳವಾದ ಗುರುತು ಉಳಿಯುತ್ತದೆ. ಕಾಲುಚೀಲದ ಎಲಾಸ್ಟಿಕ್ ಇದ್ದ ಕಡೆಯೂ ಹಾಗೆಯೇ. ಸೆಕೆಯಲ್ಲಿ ಬಹಳ ಹೊತ್ತು ನಡೆದವರ ಕೈ ಸ್ವಲ್ಪ ಊದುವುದು ಸಾಮಾನ್ಯವೇ. ಅದರ ಜತೆ ಹೊಟ್ಟೆಯೊಳಗೆ ನೀರು ಕುಲುಕುವುದು, ಹೊಟ್ಟೆ ಉಬ್ಬರ, ವಾಕರಿಕೆ ಸೇರಿದರೆ ಅಲ್ಲಿಗೇ ಕುಡಿಯುವುದನ್ನು ನಿಲ್ಲಿಸಿ. ಆಮೇಲೆ ಬರುವುದು ಹೆಚ್ಚುತ್ತಲೇ ಹೋಗುವ ತಲೆನೋವು, ವಾಂತಿ, ತಡವರಿಸುವ ಮಾತು, ಗೊಂದಲ, ಕಾರಣವಿಲ್ಲದ ಸಿಡುಕು. ಮುಂದಿನ ಹಂತ ಫಿಟ್ಸ್ ಮತ್ತು ಪ್ರಜ್ಞಾಹೀನತೆ. ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ನೀರು ಕಡಿಮೆಯಾದವರಿಗೂ ತಲೆಸುತ್ತು, ವಾಕರಿಕೆ, ಸುಸ್ತು ಇರುತ್ತದೆ, ಹಾಗಾಗಿ ಗೊಂದಲವಾಗುವುದು ಇಲ್ಲೇ. ಹೆಚ್ಚಾಗಿ ನೀರು ಕಡಿಮೆಯಾದವರಿಗೆ ಬಾಯಿ ಒಣಗಿ ವಿಪರೀತ ಬಾಯಾರಿಕೆ ಇರುತ್ತದೆ, ಕಣ್ಣು ಗುಳಿ ಬಿದ್ದಿರುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ, ಮಲಗಿಸಿ ಕಾಲು ಎತ್ತಿದರೆ ಸುಧಾರಿಸುತ್ತಾರೆ, ತೂಕ ಇಳಿದಿರುತ್ತದೆ. ನೀರು ಹೆಚ್ಚಾದವರು ಮಲಗಿದರೂ ಸುಧಾರಿಸುವುದಿಲ್ಲ, ಮುಖ ಕೈ ಊದಿರುತ್ತದೆ, ಕುಡಿಯುವ ಆಸೆ ಇರುವುದಿಲ್ಲ, ತೂಕ ಹೆಚ್ಚಾಗಿರುತ್ತದೆ ಅಥವಾ ಇದ್ದಷ್ಟೇ ಇರುತ್ತದೆ. ತೂಕ ಸ್ವಲ್ಪ ಇಳಿದವರಲ್ಲೂ ಅಪರೂಪಕ್ಕೆ ಸೋಡಿಯಂ ಕಡಿಮೆ ಇರಬಹುದಾದ್ದರಿಂದ ಖಚಿತವಾಗಿ ಹೇಳಲು ರಕ್ತ ಪರೀಕ್ಷೆಯೊಂದೇ ದಾರಿ. ಮೂತ್ರ ಬಂದಿಲ್ಲ ಎಂಬುದನ್ನು ಮಾತ್ರ ನೀರಿನ ಕೊರತೆಯ ಸಾಕ್ಷಿ ಎಂದು ಹಿಡಿಯಬೇಡಿ. ಇಲ್ಲಿ ಕಿಡ್ನಿ ನೀರನ್ನು ಹಿಡಿದಿಟ್ಟುಕೊಂಡಿರುವುದೇ ತೊಂದರೆ.

ಸಂಶಯ ಬಂದರೆ

ಪೂರ್ತಿ ಎಚ್ಚರವಿದ್ದು, ಸರಿಯಾಗಿ ಮಾತಾಡುತ್ತ, ಬರೀ ಉಬ್ಬರ, ವಾಕರಿಕೆ ಇದ್ದರೆ: ನೀರು, ಸ್ಪೋರ್ಟ್ಸ್ ಡ್ರಿಂಕ್ ಎರಡನ್ನೂ ನಿಲ್ಲಿಸಿ. ವಾಂತಿ ಇಲ್ಲದಿದ್ದರೆ ಉಪ್ಪಿನ ತಿಂಡಿ ಅಥವಾ ಸ್ವಲ್ಪವೇ ನೀರಿನಲ್ಲಿ ಕದಡಿದ ಗಟ್ಟಿ ಉಪ್ಪಿನ ಸೂಪ್ ಕೊಡಬಹುದು. ಮೂತ್ರ ಚೆನ್ನಾಗಿ ಹೋಗಲು ಶುರುವಾಗುವವರೆಗೆ ಯಾರಾದರೂ ಜತೆಯಲ್ಲೇ ಇರಬೇಕು, ಒಬ್ಬರೇ ವಾಹನ ಓಡಿಸಿಕೊಂಡು ಹೋಗಲು ಬಿಡಬೇಡಿ.

ಗೊಂದಲ, ಪದೇ ಪದೇ ವಾಂತಿ, ತೀವ್ರ ತಲೆನೋವು, ಉಸಿರಾಟದ ತೊಂದರೆ, ಫಿಟ್ಸ್ ಇವುಗಳಲ್ಲಿ ಒಂದಿದ್ದರೂ ಆಂಬುಲೆನ್ಸ್ ಕರೆಯಿರಿ. ಬಾಯಿಗೆ ಏನೂ ಹಾಕಬೇಡಿ. ಪ್ರಜ್ಞೆ ಇಲ್ಲದಿದ್ದರೆ, ಉಸಿರಾಡುತ್ತಿದ್ದರೆ, ಮಗ್ಗುಲಿಗೆ ಮಲಗಿಸಿ. ಬಂದವರಿಗೆ 'ಎಷ್ಟು ಗಂಟೆ ಓಡಿದರು, ಎಷ್ಟು ಲೀಟರ್ ಕುಡಿದರು, ಯಾವ ಮಾತ್ರೆ ತೆಗೆದುಕೊಂಡರು, ಸೋಡಿಯಂ ಇಳಿದಿರಬಹುದೆಂಬ ಅನುಮಾನವಿದೆ' ಎಂದು ಬಿಡಿಸಿ ಹೇಳಿ. ಈ ಒಂದು ವಾಕ್ಯ ಜೀವ ಉಳಿಸಬಹುದು, ಏಕೆಂದರೆ ಕುಸಿದ ಓಟಗಾರನನ್ನು ಕಂಡ ಕೂಡಲೇ ನಿರ್ಜಲೀಕರಣ ಎಂದುಕೊಂಡು ಡ್ರಿಪ್ ಏರಿಸುವುದು ಬಹಳ ಕಡೆ ರೂಢಿ. ಮಾಮೂಲಿ 0.9 ಶೇಕಡಾ ಸಲೈನ್ ಅಥವಾ ಗ್ಲೂಕೋಸ್ ಡ್ರಿಪ್ ಇಲ್ಲಿ ಪರಿಸ್ಥಿತಿಯನ್ನು ಕೆಡಿಸಬಹುದು. ತೀವ್ರ ಲಕ್ಷಣವಿರುವವರಿಗೆ ಒಪ್ಪಿತ ಚಿಕಿತ್ಸೆ 3 ಶೇಕಡಾ ಗಾಢ ಸಲೈನ್ 100 ಮಿ.ಲೀ.ಯನ್ನು ರಕ್ತನಾಳಕ್ಕೆ ಕೊಡುವುದು. ಸುಧಾರಿಸದಿದ್ದರೆ ಹತ್ತು ನಿಮಿಷದ ಅಂತರದಲ್ಲಿ ಇನ್ನೆರಡು ಸಲ. ಸೋಡಿಯಂ ಬೇಗ ಏರಿಸಿದರೆ ಮಿದುಳಿಗೆ ಹಾನಿ ಎಂಬ ಹಿಂಜರಿಕೆ ವೈದ್ಯರಲ್ಲಿರುತ್ತದೆ. ದಿನಗಟ್ಟಲೆ ನಿಧಾನವಾಗಿ ಇಳಿದ ಸೋಡಿಯಂಗೆ ಆ ಎಚ್ಚರ ಬೇಕು, ಕೆಲವೇ ಗಂಟೆಗಳಲ್ಲಿ ಇಳಿದದ್ದಕ್ಕೆ ತಡಮಾಡುವುದೇ ದೊಡ್ಡ ಅಪಾಯ.

ಗೊಂದಲದಲ್ಲಿರುವ ಓಟಗಾರರಿಗೆ ಬಿಸಿಲಾಘಾತವೂ ಆಗಿರಬಹುದು. ಗುದದ್ವಾರದಲ್ಲಿ ಅಳೆದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಮೊದಲು ಮಂಜುಗಡ್ಡೆ ನೀರಿನಲ್ಲಿ ಮುಳುಗಿಸಿ ಮೈ ತಂಪು ಮಾಡಬೇಕು. ಹಣೆ, ಕಿವಿ, ಕಂಕುಳಲ್ಲಿ ಅಳೆದದ್ದನ್ನು ಇಲ್ಲಿ ನಂಬಲಾಗದು.

ಸುದ್ದಿ ಓದುವಾಗ

ಎಚ್ಚರಿಕೆಯ ಸುದ್ದಿಯಲ್ಲಿ ಮೂರು ವಿಷಯ ಹುಡುಕಿ: ಶ್ರಮ ಎಷ್ಟು ಗಂಟೆ ನಡೆಯಿತು, ಎಷ್ಟು ಹೊತ್ತಿನಲ್ಲಿ ಎಷ್ಟು ಕುಡಿದರು, ಸೋಡಿಯಂ ಅಳೆದರೇ. 'ಒಂದು ದಿನಕ್ಕೆ ಇಷ್ಟು ಲೀಟರ್ ಮೀರಿದರೆ ವಿಷ' ಎಂದು ಗಂಟೆಯ ಲೆಕ್ಕವಿಲ್ಲದೆ ಬರೆದಿದ್ದರೆ ಅದರಿಂದ ಉಪಯೋಗವಿಲ್ಲ. ದಿನಪೂರ್ತಿ ಹಂಚಿ ಕುಡಿದ 4 ಲೀಟರಿಗೂ ಎರಡು ಗಂಟೆಯಲ್ಲಿ ಕುಡಿದ 4 ಲೀಟರಿಗೂ ಅಜಗಜಾಂತರ. ಅಮೆರಿಕದ ಸೇನೆ 1998ರಲ್ಲಿ ತನ್ನ ನಿಯಮ ತಿದ್ದಿದಾಗ ಗಂಟೆಗೆ ಸುಮಾರು 1.4 ಲೀಟರ್, ದಿನಕ್ಕೆ ಸುಮಾರು 11.4 ಲೀಟರ್ ಎಂದು ಎರಡೂ ಮಿತಿಗಳನ್ನು ಜತೆಗಿಟ್ಟದ್ದು ಇದಕ್ಕೇ. ಇವು ಬಿಸಿಲಲ್ಲಿ ಹೊರೆ ಹೊತ್ತು ದುಡಿಯುವ ಸೈನಿಕರಿಗೆ ಹಾಕಿದ ಗರಿಷ್ಠ ಮಿತಿ, ನಿಧಾನ ಓಟಗಾರರು ಇದರ ಹತ್ತಿರಕ್ಕೂ ಹೋಗಬಾರದು. ನೀರು ಹೆಚ್ಚಾಗಿ ಸತ್ತವರಿದ್ದಾರೆ ಎಂಬ ಸುದ್ದಿ ಬಿಸಿಲಲ್ಲಿ ನೀರಿಲ್ಲದೆ ಓಡಲು ಪರವಾನಗಿಯಲ್ಲ.

ತರಬೇತುದಾರರು ಮತ್ತು ಸಂಘಟಕರಿಗೆ

ಆಟಗಾರರಿಗೆ ಶಿಕ್ಷೆಯೆಂದೋ ಶಿಸ್ತೆಂದೋ ನೀರು ಕುಡಿಸಬೇಡಿ, ತಡೆಯಲೂ ಬೇಡಿ. ನೀರು ಕೈಗೆಟುಕುವಂತಿರಲಿ, ಕುಡಿಯುವ ನಿರ್ಧಾರ ಅವರದಾಗಿರಲಿ. ಮ್ಯಾರಥಾನ್‌ನಲ್ಲಿ ಪ್ರತಿ ಕಿಲೋಮೀಟರಿಗೂ ನೀರಿನ ಮೇಜು ಇಟ್ಟರೆ ನಿಧಾನ ಓಟಗಾರರು ಪ್ರತಿ ಎಂಟು ನಿಮಿಷಕ್ಕೊಮ್ಮೆ ಕುಡಿದಂತಾಗುತ್ತದೆ. ಮೂರ್ನಾಲ್ಕು ಕಿಲೋಮೀಟರಿಗೊಂದು ಮೇಜು ಇದ್ದು, ಸೆಕೆ ಹೆಚ್ಚಿದ್ದರೆ ನಡುವೆ ಮೈ ಮೇಲೆ ಸುರಿದುಕೊಳ್ಳಲು ನೀರು, ಸ್ಪಂಜು ಇಡಬಹುದು. ಸ್ವಯಂಸೇವಕರು 'ಕುಡೀರಿ, ಕುಡೀರಿ' ಎಂದು ಕೂಗಿ ಒತ್ತಾಯಿಸದಂತೆ ಹಿಂದಿನ ದಿನವೇ ಹೇಳಿಡಿ. ಎದೆಗೆ ಹಚ್ಚುವ ನಂಬರಿನ ಹಿಂಭಾಗದಲ್ಲಿ ಓಟಗಾರರ ಶುರುವಿನ ತೂಕ, ತೆಗೆದುಕೊಳ್ಳುವ ಮಾತ್ರೆಗಳು, ಮನೆಯವರ ಫೋನ್ ಸಂಖ್ಯೆ ಬರೆಯಲು ಜಾಗ ಬಿಡಿ. ವೈದ್ಯಕೀಯ ಡೇರೆಯಲ್ಲಿ ಗಟ್ಟಿ ಹಲಗೆಯ ಮೇಲೆ ತೂಕದ ಯಂತ್ರ, ಗುದದ್ವಾರದ ಥರ್ಮಾಮೀಟರ್, ಸ್ಥಳದಲ್ಲೇ ಸೋಡಿಯಂ ತೋರಿಸುವ ಸಣ್ಣ ರಕ್ತ ಪರೀಕ್ಷಾ ಯಂತ್ರ, 3 ಶೇಕಡಾ ಸಲೈನ್ ಇರಬೇಕು. ಸೋಡಿಯಂ ಎಷ್ಟೆಂದು ತಿಳಿಯದೆ ಯಾರಿಗೂ ಡ್ರಿಪ್ ಹಾಕುವುದಿಲ್ಲ ಎಂಬ ನಿಯಮವನ್ನು ಡೇರೆಯ ಎಲ್ಲರಿಗೂ ಮೊದಲೇ ತಿಳಿಸಿ, ಗೋಡೆಗೆ ಅಂಟಿಸಿ. ಕೊನೆಯ ಓಟಗಾರ ಗೆರೆ ದಾಟಿದ ಮೇಲೂ ಎರಡು ಗಂಟೆಯಾದರೂ ಡೇರೆ ತೆರೆದಿರಲಿ.